ಉದ್ರಿ ಪುಸ್ತಕದಲ್ಲಿ ಬಿಟ್‌ಕಾಯಿನ್ ಬರೆಯಬಹುದೇ?

ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮೂಲೆ ಮಡಚಿದ ಉದ್ದನೆಯ ಪುಸ್ತಕವೊಂದು ಇರುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆ ಅದು ಉದ್ರಿ ಪುಸ್ತಕ, ಮೈಸೂರಿನ ಕಡೆ ಸಾಲದ ಪುಸ್ತಕ. ಮೂರನೇ ತಾರೀಖು ಒಂದು ಲೀಟರ್ ಎಣ್ಣೆ, ಏಳಕ್ಕೆ ಎರಡು ಕೆಜಿ ತೊಗರಿಬೇಳೆ, ಹನ್ನೊಂದಕ್ಕೆ ಸೋಪು, ಚಹಾಪುಡಿ. ಸಂಬಳವಾದ ದಿನ ಎಲ್ಲ ಕೂಡಿಸಿ ಚುಕ್ತಾ. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ, ಅಂದರೆ ಬ್ಯಾಂಕಿನ ಹಂಗಿಲ್ಲದೆ ಕಂಪ್ಯೂಟರ್ ಜಾಲದಲ್ಲೇ ಓಡಾಡುವ ಡಿಜಿಟಲ್ ನಾಣ್ಯ, ದಿನಬಳಕೆಯ ಹಣವಾಗಬಲ್ಲದೇ ಎಂಬ ಚರ್ಚೆ ಎದ್ದಾಗಲೆಲ್ಲ ಜನ ವೇಗ, ಶುಲ್ಕ, ಸರ್ಕಾರದ ಅನುಮತಿ ಇವುಗಳ ಮಾತೆತ್ತುತ್ತಾರೆ. ಅವೂ ಮುಖ್ಯವೇ, ಮುಂದೆ ಬರುತ್ತವೆ. ಆದರೆ ನನ್ನ ಮಟ್ಟಿಗೆ ಮೊದಲ ಪರೀಕ್ಷೆ ನಡೆಯಬೇಕಾದದ್ದು ಈ ಪುಸ್ತಕದಲ್ಲಿ.

ಲೆಕ್ಕಕ್ಕೆ ಒಂದು ಬಿಟ್‌ಕಾಯಿನ್ ಬೆಲೆ 80 ಲಕ್ಷ ರೂಪಾಯಿ ಎಂದು ಹಿಡಿಯೋಣ. ಒಂದು ಬಿಟ್‌ಕಾಯಿನ್ ಎಂದರೆ 10 ಕೋಟಿ ಸತೋಶಿ. ಹಾಗಾಗಿ ಒಂದು ಸತೋಶಿಗೆ 8 ಪೈಸೆ. ತಿಂಗಳ ಉದ್ರಿ 2,400 ರೂಪಾಯಿ ಆದರೆ ಪುಸ್ತಕದಲ್ಲಿ 30,000 ಸತೋಶಿ. ತಿಂಗಳ ಕೊನೆಗೆ ಬಿಟ್‌ಕಾಯಿನ್ 60 ಲಕ್ಷಕ್ಕೆ ಇಳಿದರೆ ಅಂಗಡಿಯವರ ಕೈಗೆ ಬರುವುದು 1,800 ರೂಪಾಯಿಯ ಮಾಲು. ಅಕ್ಕಿ, ಎಣ್ಣೆ, ಸಕ್ಕರೆಯಲ್ಲಿ ನೂರಕ್ಕೆ ಕೆಲವೇ ರೂಪಾಯಿ ಉಳಿಸಿಕೊಳ್ಳುವ ವ್ಯಾಪಾರದಲ್ಲಿ 600 ರೂಪಾಯಿ ಹೋದರೆ ಅಸಲಿಗೇ ಪೆಟ್ಟು. ಬೆಲೆ ಒಂದು ಕೋಟಿಗೆ ಏರಿದರೆ ಗಿರಾಕಿ ಅದೇ ಎಣ್ಣೆ-ಬೇಳೆಗೆ 3,000 ರೂಪಾಯಿ ತೆರಬೇಕು. ಇದು ಬರೀ ಊಹೆಯ ಏರಿಳಿತ ಅಲ್ಲ. 2021ರ ಮೇ ಮತ್ತು 2022ರ ಜೂನ್, ಎರಡೂ ತಿಂಗಳುಗಳಲ್ಲಿ ಬಿಟ್‌ಕಾಯಿನ್ ಬೆಲೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿದಿತ್ತು.

ಹಾಗಾದರೆ ಉದ್ರಿಯನ್ನು ರೂಪಾಯಿಯಲ್ಲೇ ಬರೆದು, ಚುಕ್ತಾ ಮಾಡುವ ದಿನದ ಬೆಲೆಗೆ ಬಿಟ್‌ಕಾಯಿನ್ ಕೊಟ್ಟರಾಯಿತಲ್ಲ ಎಂದು ಕೇಳಬಹುದು. ಕೊಡಬಹುದು. ಆದರೆ ಅಲ್ಲಿ ಹಣದ ಕೆಲಸ ಮಾಡಿದ್ದು ರೂಪಾಯಿ. ಬಿಟ್‌ಕಾಯಿನ್ ಆ ರೂಪಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿತು, ಅಷ್ಟೆ. ಸಾಲ, ಬಾಡಿಗೆ, ಕೂಲಿ, ತೆರಿಗೆ ಇವನ್ನು ಯಾವುದರಲ್ಲಿ ಬರೆಯುತ್ತಾರೋ ಅದು ಹಣ; ಮಿಕ್ಕದ್ದು ಸಾಗಣೆಯ ದಾರಿ. ಈ ವ್ಯತ್ಯಾಸ ಎಷ್ಟು ನಿಜ ಎಂಬುದನ್ನು ಒಂದು ಇಡೀ ದೇಶ ತೋರಿಸಿಕೊಟ್ಟಿದೆ.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ 2001ರಿಂದ ಅಮೆರಿಕದ ಡಾಲರನ್ನೇ ತನ್ನ ಹಣವಾಗಿ ಬಳಸುತ್ತಿದೆ. ಅಲ್ಲಿನ ಶಾಸನಸಭೆ 2021ರ ಜೂನ್‌ನಲ್ಲಿ ಬಿಟ್‌ಕಾಯಿನ್ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರ್ 7ರಿಂದ ಜಾರಿ. ಕಾಯ್ದೆಯ ಏಳನೇ ವಿಧಿ ಬಹಳ ಗಟ್ಟಿಯಾಗಿತ್ತು: ಗಿರಾಕಿ ಬಿಟ್‌ಕಾಯಿನ್ ಕೊಟ್ಟರೆ ವ್ಯಾಪಾರಿ ತೆಗೆದುಕೊಳ್ಳಲೇಬೇಕು. ಸರ್ಕಾರ ‘ಚಿವೊ’ ಎಂಬ ವಾಲೆಟ್ ಆ್ಯಪ್ ಹೊರತಂದಿತು, ಇಳಿಸಿಕೊಂಡವರಿಗೆ 30 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಟ್ಟಿತು, ಊರೂರಿಗೆ ಎಟಿಎಂನಂಥ ಯಂತ್ರಗಳನ್ನು ನಿಲ್ಲಿಸಿತು. ಮೊದಲ ದಿನವೇ ಸರ್ವರ್‌ಗಳು ತಾಳಲಾರದೆ ಆ್ಯಪನ್ನು ಕೆಲ ಹೊತ್ತು ನಿಲ್ಲಿಸಬೇಕಾಯಿತು. ಬೇರೆಯವರ ಗುರುತಿನ ಚೀಟಿಯ ಸಂಖ್ಯೆ ಹಾಕಿ ಅವರ ಪಾಲಿನ 30 ಡಾಲರ್ ಎಗರಿಸಿದ ದೂರುಗಳು ಬಂದವು. ಅಷ್ಟು ದೊಡ್ಡ ಕೆಲಸದಲ್ಲಿ ಇಂಥ ತೊಡಕು ಸಹಜ ಎಂದುಕೊಳ್ಳೋಣ. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ವ್ಯಾಪಾರಿಗೆ ಬಂದ ಬಿಟ್‌ಕಾಯಿನ್ ಆ ಕ್ಷಣವೇ ಡಾಲರ್ ಆಗಿ ಜಮೆಯಾಗುವ ಅನುಕೂಲವನ್ನು ಚಿವೊದಲ್ಲೇ ಇಟ್ಟಿದ್ದರು. ಆ ಬದಲಾವಣೆಗೆಂದು ಸರ್ಕಾರ 15 ಕೋಟಿ ಡಾಲರಿನ ನಿಧಿ ತೆಗೆದಿಟ್ಟಿತ್ತು. ಬೆಲೆ ಕುಸಿತದ ಭಾರವನ್ನು ವ್ಯಾಪಾರಿ ಹೊರಲಾರ ಎಂಬುದು ಕಾಯ್ದೆ ಬರೆದವರಿಗೂ ಗೊತ್ತಿತ್ತು. ಆದ್ದರಿಂದ ಅದನ್ನು ಬೊಕ್ಕಸದ ಹೆಗಲಿಗೆ ಹೊರಿಸಿದರು.

ಫಲ ಏನಾಯಿತು? ಬೆಲೆಚೀಟಿಗಳು ಡಾಲರಿನಲ್ಲೇ ಉಳಿದವು. ಬಾಡಿಗೆ ಕರಾರು ಡಾಲರ್, ಸಂಬಳ ಡಾಲರ್. ಅರ್ಥಶಾಸ್ತ್ರಜ್ಞರ ತಂಡವೊಂದು 1,800 ಮನೆಗಳಲ್ಲಿ ಸಮೀಕ್ಷೆ ನಡೆಸಿದಾಗ, ಚಿವೊ ಇಳಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 30 ಡಾಲರ್ ಖರ್ಚಾದ ಮೇಲೆ ಅದನ್ನು ಮುಟ್ಟಿರಲಿಲ್ಲ. ಕಾಯ್ದೆಯ ಒತ್ತಾಯವಿದ್ದರೂ ಬಿಟ್‌ಕಾಯಿನ್ ತೆಗೆದುಕೊಳ್ಳುತ್ತಿದ್ದ ಉದ್ಯಮಗಳು ಐದರಲ್ಲಿ ಒಂದರಷ್ಟು. ಆ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಭಾಗಕ್ಕೂ ಮಿಕ್ಕಿ ಬರುವುದು ಅಮೆರಿಕದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣದಿಂದ. ಅದರಲ್ಲೂ ಕ್ರಿಪ್ಟೊ ದಾರಿಯಲ್ಲಿ ಬಂದದ್ದು 2022ರಲ್ಲಿ ನೂರಕ್ಕೆ ಎರಡನ್ನೂ ಮುಟ್ಟಲಿಲ್ಲ. 2021ರ ನವೆಂಬರ್‌ನಲ್ಲಿ 69,000 ಡಾಲರ್ ಹತ್ತಿರವಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16,000ಕ್ಕೆ ಬಂತು. ಹೆದರಿದವರು ದಡ್ಡರಾಗಿರಲಿಲ್ಲ. ಕೊನೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 140 ಕೋಟಿ ಡಾಲರ್ ಸಾಲ ಪಡೆಯುವ ಮಾತುಕತೆಯ ಭಾಗವಾಗಿ 2025ರ ಜನವರಿಯಲ್ಲಿ ಕಾಯ್ದೆಯನ್ನು ತಿದ್ದಿದರು. ಒತ್ತಾಯ ಹೋಯಿತು. ತೆರಿಗೆಯನ್ನು ಬಿಟ್‌ಕಾಯಿನ್‌ನಲ್ಲಿ ಕಟ್ಟುವ ಅವಕಾಶವೂ ಹೋಯಿತು.

ಇನ್ನು ಜಾಲದ ವಿಷಯ. 15 ರೂಪಾಯಿಯ ಒಂದು ಲೋಟ ಚಹಾಕ್ಕೆ ಬಿಟ್‌ಕಾಯಿನ್‌ನ ಮೂಲ ಜಾಲದಲ್ಲಿ ಹಣ ಕೊಡಲು ಹೊರಟರೆ ಆಗುವುದೇನು? ಮೇಲಿನ ಬೆಲೆಯಲ್ಲಿ ಅದು ಸುಮಾರು 187 ಸತೋಶಿ. ಅಷ್ಟು ಚಿಕ್ಕ ಮೊತ್ತವನ್ನು ಜಾಲ ನಡೆಸುವ ಕಂಪ್ಯೂಟರ್‌ಗಳು, ಅಂದರೆ ನೋಡ್‌ಗಳು, ಮುಂದಕ್ಕೆ ದಾಟಿಸುವುದೇ ಇಲ್ಲ. ಬಿಸಿ1ಕ್ಯೂ ಎಂದು ಶುರುವಾಗುವ ವಿಳಾಸಗಳಿಗೆ 294 ಸತೋಶಿ, 1ರಿಂದ ಶುರುವಾಗುವ ಹಳೆಯ ವಿಳಾಸಗಳಿಗೆ 546 ಸತೋಶಿ ಕನಿಷ್ಠ ಮಿತಿ. ಅದಕ್ಕಿಂತ ಕೆಳಗಿನದು ‘ಧೂಳು’. ಅಂದರೆ ಚಹಾ ಇಲ್ಲಿ ಧೂಳಿನ ಲೆಕ್ಕ.

ಶುಲ್ಕ ನಿಂತಿರುವುದು ಮೊತ್ತದ ಮೇಲಲ್ಲ, ಜಾಲದ ದಾಖಲೆಯಲ್ಲಿ ವಹಿವಾಟು ಎಷ್ಟು ಜಾಗ ತಿನ್ನುತ್ತದೆ ಎಂಬುದರ ಮೇಲೆ. ಒಂದು ಕಡೆಯಿಂದ ತೆಗೆದು, ಒಂದನ್ನು ಅಂಗಡಿಗೆ ಕೊಟ್ಟು, ಉಳಿದ ಚಿಲ್ಲರೆಯನ್ನು ನಮಗೇ ವಾಪಸ್ ಹಾಕಿಕೊಳ್ಳುವ ಸಾಧಾರಣ ವಹಿವಾಟು ಸುಮಾರು 141 ವರ್ಚುವಲ್ ಬೈಟ್. ಸಂದಣಿ ಇಲ್ಲದಾಗ ಬೈಟಿಗೆ 1 ಸತೋಶಿ, ಕೆಲವೊಮ್ಮೆ ಅದಕ್ಕೂ ಕಡಿಮೆ. ಆಗ ಶುಲ್ಕ 11 ರೂಪಾಯಿ. ಬೈಟಿಗೆ 10 ಸತೋಶಿ ಆದರೆ 113 ರೂಪಾಯಿ. ಜಾಲ ತುಂಬಿ ತುಳುಕಿ 100 ಆದರೆ 1,128 ರೂಪಾಯಿ. 10 ಲಕ್ಷದ ಕಾರಿಗೂ ಅಷ್ಟೇ, ಹತ್ತು ರೂಪಾಯಿಯ ಕೊತ್ತಂಬರಿ ಕಟ್ಟಿಗೂ ಅಷ್ಟೇ. ಮೂಗಿಗಿಂತ ಮೂಗುತಿ ಭಾರ. ಸ್ಟೀಮ್ ಎಂಬ ವಿಡಿಯೊ ಗೇಮ್ ಮಳಿಗೆ 2017ರ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದು ಇದೇ ಕಾರಣಕ್ಕೆ: ಶುಲ್ಕ 20 ಡಾಲರ್ ಹತ್ತಿರ ಹೋಗಿತ್ತು. ಹಣ ತಲುಪುವಷ್ಟರಲ್ಲಿ ಬೆಲೆ ಬದಲಾಗಿ, ಹೆಚ್ಚು ಬಂದದ್ದನ್ನು ಮರಳಿಸಬೇಕು, ಇಲ್ಲವೇ ಕಡಿಮೆ ಬಿದ್ದದ್ದನ್ನು ಕೇಳಬೇಕು. ಎರಡಕ್ಕೂ ಮತ್ತೆ ಅದೇ ಶುಲ್ಕ.

ಅಂಗಡಿಯವರಿಗೆ ತಡವಾಗಿ ಕಾಣಿಸುವ ಇನ್ನೊಂದು ಪೆಟ್ಟಿದೆ. ಬಿಟ್‌ಕಾಯಿನ್ ವಾಲೆಟ್‌ನಲ್ಲಿ ಹಣ ಒಂದೇ ಮೊತ್ತವಾಗಿ ಕೂಡಿಕೊಳ್ಳುವುದಿಲ್ಲ. ಬಂದ ಪ್ರತಿಯೊಂದು ಪಾವತಿಯೂ ಬೇರೆ ಬೇರೆ ನಾಣ್ಯದ ಹಾಗೆ ಉಳಿಯುತ್ತದೆ. ಅವನ್ನೆಲ್ಲ ಸೇರಿಸಿ ಸಗಟು ವ್ಯಾಪಾರಿಗೆ ಕೊಡಲು ಹೋದಾಗ ಒಂದೊಂದು ನಾಣ್ಯಕ್ಕೂ ಸುಮಾರು 68 ಬೈಟ್ ಜಾಗ ಬೇಕು. ಬೈಟಿಗೆ 10 ಸತೋಶಿ ದರದಲ್ಲಿ ಒಂದಕ್ಕೆ 54 ರೂಪಾಯಿ. ನೂರು ರೂಪಾಯಿಯಂತೆ ನೂರು ಪಾವತಿ ಬಂದಿದ್ದರೆ, 10,000 ರೂಪಾಯಿಯನ್ನು ಒಟ್ಟಾಗಿ ಖರ್ಚು ಮಾಡಲು 5,400 ರೂಪಾಯಿಗೂ ಹೆಚ್ಚು ಶುಲ್ಕ. ಐವತ್ತು ರೂಪಾಯಿಯ ಪಾವತಿಗಳಂತೂ ವಾಲೆಟ್‌ನಲ್ಲಿ ಕಾಣುತ್ತವೆ, ಖರ್ಚಿಗೆ ಒದಗುವುದಿಲ್ಲ.

ಕಾಯುವ ಹೊತ್ತೂ ಇದೆ. ವಹಿವಾಟುಗಳನ್ನು ಒಟ್ಟುಮಾಡಿ ದಾಖಲಿಸುವ ಕಂತೆ, ಅಂದರೆ ಬ್ಲಾಕ್, ಸರಾಸರಿ ಹತ್ತು ನಿಮಿಷಕ್ಕೊಂದು ಎನ್ನುತ್ತಾರೆ; ಸರಾಸರಿ ಎಂಬ ಮಾತನ್ನು ಮರೆಯಬಾರದು. ಇಪ್ಪತ್ತು ಬ್ಲಾಕ್‌ಗಳಲ್ಲಿ ಒಂದು ಅರ್ಧ ಗಂಟೆಗಿಂತ ತಡವಾಗಿ ಬರುವುದು ಆ ಗಣಿತದ ಸಹಜ ಗುಣ. ಇಡೀ ಜಾಲ ಸೆಕೆಂಡಿಗೆ ಸುಮಾರು 7 ವಹಿವಾಟು ಹೊರಬಲ್ಲದು, ದಿನಕ್ಕೆ 6 ಲಕ್ಷ. 2025ರ ಆಗಸ್ಟ್‌ನಲ್ಲಿ ಯುಪಿಐ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟಿತು. ಆ ಲೆಕ್ಕದಲ್ಲಿ ಬಿಟ್‌ಕಾಯಿನ್‌ನ ಒಂದು ಇಡೀ ದಿನದ ಕೆಲಸವನ್ನು ಯುಪಿಐ ಒಂದೂವರೆ ನಿಮಿಷದೊಳಗೆ ಮುಗಿಸುತ್ತದೆ.

ಇದಕ್ಕೆ ಉತ್ತರವಾಗಿ ಬಂದದ್ದು ಲೈಟ್ನಿಂಗ್, ಬಿಟ್‌ಕಾಯಿನ್ ಮೇಲೆ ಕಟ್ಟಿದ ಇನ್ನೊಂದು ಪಾವತಿ ಜಾಲ. ಇದು ನಿಜಕ್ಕೂ ಜಾಣತನದ ಕಟ್ಟಡ, ಇಬ್ಬರ ನಡುವಿನ ಉದ್ರಿಯ ಹಾಗೆಯೇ. ಇಬ್ಬರು ಸೇರಿ ಮೂಲ ಜಾಲದಲ್ಲಿ ಒಂದು ಮೊತ್ತವನ್ನು ಬೀಗ ಹಾಕಿ ಇಡುತ್ತಾರೆ; ಇದಕ್ಕೆ ಚಾನೆಲ್ ಎನ್ನುತ್ತಾರೆ. ಆಮೇಲೆ ಅದರೊಳಗೆ ನಿನ್ನದೆಷ್ಟು ನನ್ನದೆಷ್ಟು ಎಂಬ ಲೆಕ್ಕವನ್ನು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುತ್ತಾರೆ. ಬಿಡಿಸಿಕೊಳ್ಳುವಾಗ ಮಾತ್ರ ಮೂಲ ಜಾಲಕ್ಕೆ ಹೋಗುತ್ತಾರೆ. ಪಾವತಿ ಕ್ಷಣಾರ್ಧದಲ್ಲಿ ಮುಗಿಯುತ್ತದೆ, ಶುಲ್ಕ ಪೈಸೆಗಳಲ್ಲಿ. 15 ರೂಪಾಯಿ ಚಹಾ ಇಲ್ಲಿ ಸಾಧ್ಯ.

ತೊಡಕು ಶುರುವಾಗುವುದು ಹಣ ಪಡೆಯುವವರ ಕಡೆಯಿಂದ. ಹೊಸದಾಗಿ ಚಾನೆಲ್ ತೆರೆದ ಅಂಗಡಿಯವರು ಅದರಲ್ಲಿ ತಮ್ಮದೇ ಹಣ ಹಾಕಿದ್ದರೆ ಕೊಡಬಲ್ಲರು, ಪಡೆಯಲಾರರು. ಪಡೆಯಬೇಕಾದರೆ ಆಚೆಕಡೆಯವರ ಹಣ ಚಾನೆಲ್‌ನಲ್ಲಿ ಇರಬೇಕು. ಆಚೆಕಡೆ 1 ಲಕ್ಷ ಸತೋಶಿ ಇದ್ದರೆ 8,000 ರೂಪಾಯಿ ವ್ಯಾಪಾರವಾಗುವಷ್ಟರಲ್ಲಿ ಚಾನೆಲ್ ತುಂಬಿತು. ಮುಂದಿನ ಗಿರಾಕಿ ಸ್ಕ್ಯಾನ್ ಮಾಡಿದರೆ ‘ದಾರಿ ಸಿಗಲಿಲ್ಲ’ ಎಂಬ ಸಂದೇಶ. ಹಬ್ಬದ ಹಿಂದಿನ ಸಂಜೆ ಹೀಗಾದರೆ ಯಾರೂ ಕಾದು ನಿಲ್ಲುವುದಿಲ್ಲ. ಸ್ವಂತ ನೋಡ್ ಇಟ್ಟುಕೊಂಡವರಿಗೆ ವಿದ್ಯುತ್ತು, ಇಂಟರ್‌ನೆಟ್ ಎರಡೂ ಬೇಕು. ಯುಪಿಐನ ಕ್ಯೂಆರ್ ಚೀಟಿಯನ್ನು ತಳ್ಳುಗಾಡಿಗೆ ಅಂಟಿಸಿ, ಫೋನ್ ಆಫ್ ಆಗಿದ್ದರೂ ಹಣ ಬರುತ್ತದೆ, ಇಲ್ಲಿ ಹಾಗಲ್ಲ. ಈ ತಲೆನೋವೆಲ್ಲ ಬೇಡ ಎಂದು ಹೆಚ್ಚಿನವರು ಕಂಪನಿ ನಡೆಸುವ ವಾಲೆಟ್ ಬಳಸುತ್ತಾರೆ. ಆಗ ಎಲ್ಲ ಸಲೀಸು. ಆದರೆ ಬೀಗದ ಕೈ ಕಂಪನಿಯ ಹತ್ತಿರ. ಬ್ಯಾಂಕ್ ಮುಳುಗಿದರೆ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಇಂಥ ವಾಲೆಟ್ ಮುಳುಗಿದರೆ ಅದೂ ಇಲ್ಲ.

ಭಾರತದಲ್ಲಿ ಇದಕ್ಕೆ ತೆರಿಗೆಯ ತೂಕವೂ ಸೇರುತ್ತದೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಕೈಬಿಟ್ಟಾಗ ಬಂದ ಲಾಭಕ್ಕೆ ಶೇ 30, ಮೇಲೆ ಶೇ 4 ಸೆಸ್. ಚಹಾಕ್ಕೆ ಕೊಟ್ಟರೂ ಅದು ಮಾರಾಟವೇ. 60 ಲಕ್ಷ ದರದಲ್ಲಿ ಕೊಂಡ ಬಿಟ್‌ಕಾಯಿನನ್ನು 80 ಲಕ್ಷ ದರದಲ್ಲಿ ಚಹಾಕ್ಕೆ ಕೊಟ್ಟರೆ, 15 ರೂಪಾಯಿಯಲ್ಲಿ ಅಸಲು 11.25, ಲಾಭ 3.75, ತೆರಿಗೆ 1.17 ರೂಪಾಯಿ. ಮೊತ್ತ ಚಿಕ್ಕದೇ. ಕಷ್ಟ ಇರುವುದು, ಪ್ರತಿ ಚಹಾಕ್ಕೂ ಕೊಂಡ ದಿನ, ಕೊಂಡ ಬೆಲೆ, ಕೊಟ್ಟ ಬೆಲೆ ಬರೆದಿಟ್ಟು ರಿಟರ್ನ್‌ನಲ್ಲಿ ತೋರಿಸಬೇಕಾದದ್ದರಲ್ಲಿ. ಮಧ್ಯಾಹ್ನದ ಊಟಕ್ಕೆ ಕೊಟ್ಟಾಗ ನಷ್ಟವಾಗಿದ್ದರೆ ಅದನ್ನು ಚಹಾದ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. 2022ರ ಜುಲೈನಿಂದ ಶೇ 1ರ ಟಿಡಿಎಸ್ ಬೇರೆ. ಕ್ರಿಪ್ಟೊ ಪಡೆದು ಸಾಮಾನು ಕೊಡುವ ಅಂಗಡಿಯವರೇ ಇಲ್ಲಿ ಕ್ರಿಪ್ಟೊ ಕೊಂಡವರ ಸ್ಥಾನದಲ್ಲಿ ನಿಲ್ಲುತ್ತಾರೆ. ಚಿಕ್ಕ ವ್ಯಾಪಾರಿಗೆ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ. ಅದು ದಾಟಿದರೆ ಗಿರಾಕಿಯ ಪ್ಯಾನ್ ಸಂಖ್ಯೆ ಕೇಳಿಕೊಂಡು ಕೂರಬೇಕು. ನನ್ನ ಅಭಿಪ್ರಾಯದಲ್ಲಿ ಸಣ್ಣ ಖರೀದಿಗಳಿಗೆ ಒಂದು ವಾರ್ಷಿಕ ವಿನಾಯಿತಿ ಕೊಟ್ಟಿದ್ದರೆ ಪ್ರಯೋಗಕ್ಕಾದರೂ ಜಾಗ ಉಳಿಯುತ್ತಿತ್ತು. ಈಗಿನ ನಿಯಮ ಕ್ರಿಪ್ಟೊವನ್ನು ಇಟ್ಟುಕೊಂಡು ಕಾಯುವ ಆಸ್ತಿಯನ್ನಾಗಿ ಮಾತ್ರ ನೋಡುತ್ತದೆ.

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಯುಪಿಐ ಇಲ್ಲ, ನಗದು ಮಾತ್ರ ಎಂಬ ಬೋರ್ಡು ಬಿತ್ತು. ಲೆಕ್ಕ ಯಾರಿಗೂ ಕಾಣಬಾರದು ಎಂದು ಕ್ರಿಪ್ಟೊ ಕಡೆ ನೋಡುವವರು ಒಂದು ಮಾತು ತಿಳಿದಿರಬೇಕು. ಬಿಟ್‌ಕಾಯಿನ್ ಲೆಡ್ಜರ್ ಜಗತ್ತಿಗೆಲ್ಲ ತೆರೆದಿಟ್ಟ ಪುಸ್ತಕ. ಒಂದೇ ವಿಳಾಸದ ಕ್ಯೂಆರ್ ಮುದ್ರಿಸಿ ಗೋಡೆಗೆ ಅಂಟಿಸಿದರೆ, ಎದುರಿನ ಅಂಗಡಿಯವರೂ ನಿಮ್ಮ ದಿನದ ವ್ಯಾಪಾರವನ್ನು ಕುಳಿತಲ್ಲಿಂದಲೇ ನೋಡಬಹುದು, ಹತ್ತು ವರ್ಷ ಬಿಟ್ಟು ಬಂದವರೂ ನೋಡಬಹುದು. ಅದಕ್ಕೇ ಪ್ರತಿ ಪಾವತಿಗೂ ಹೊಸ ವಿಳಾಸ ಬಳಸಿ ಎನ್ನುವುದು.

ತಪ್ಪಾದಾಗ ಏನು ಗತಿ ಎಂಬುದು ದಿನಬಳಕೆಯಲ್ಲಿ ದೊಡ್ಡ ಪ್ರಶ್ನೆ. ಯುಪಿಐನಲ್ಲಿ ಪಿನ್ ಹಾಕುವ ಮೊದಲು ಎದುರಿನವರ ಬ್ಯಾಂಕ್ ಖಾತೆಯ ಹೆಸರು ಕಾಣುತ್ತದೆ. ಕ್ರಿಪ್ಟೊ ವಿಳಾಸಕ್ಕೆ ಹೆಸರಿಲ್ಲ. ನೀವು ಹಿಂದೆ ಹಣ ಕಳಿಸಿದ ವಿಳಾಸದ ಮೊದಲ ಮತ್ತು ಕೊನೆಯ ನಾಲ್ಕು ಅಕ್ಷರಗಳನ್ನೇ ಹೋಲುವ ವಿಳಾಸ ಸೃಷ್ಟಿಸಿ, ಅದರಿಂದ ಸೊನ್ನೆ ಮೊತ್ತದ ವಹಿವಾಟು ಕಳಿಸಿ, ನಿಮ್ಮ ಹಳೆಯ ಪಟ್ಟಿಯಲ್ಲಿ ಸೇರಿಕೊಳ್ಳುವ ವಂಚನೆ ಈಗ ಮಾಮೂಲು. ಪಟ್ಟಿಯಿಂದ ನಕಲು ಮಾಡಿದರೆ ಹಣ ಕಳ್ಳನಿಗೆ. ವಾಪಸ್ ತರಿಸುವ ಕಚೇರಿ ಇಲ್ಲ. ವಾಲೆಟ್ ಮತ್ತೆ ತೆರೆಯಲು ಬೇಕಾದ ಹನ್ನೆರಡೋ ಇಪ್ಪತ್ನಾಲ್ಕೋ ಪದಗಳ ಗುಟ್ಟಿನ ಸಾಲು ಕಳೆದುಹೋದರೆ ನಿಮ್ಮ ಹಣವೂ ನಿಮಗಿಲ್ಲ.

ಬೆಲೆಯ ಏರಿಳಿತಕ್ಕೆ ಮದ್ದು ಡಾಲರಿಗೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್. ಇಲ್ಲಿ ಕ್ರಿಪ್ಟೊ ಪರವಾದ ವಾದ ಹೆಚ್ಚು ಗಟ್ಟಿ ಎಂದು ಒಪ್ಪುತ್ತೇನೆ. ಆದರೆ ಕಟ್ಟಿದ ಹಗ್ಗ ಎಂಥದು ಎಂದು ನೋಡಬೇಕು. ಕೈಯಲ್ಲಿ ನಿಜವಾದ ಡಾಲರ್ ಇಟ್ಟುಕೊಳ್ಳದೆ ಸೂತ್ರದ ಬಲದಲ್ಲಿ ನಿಂತಿದ್ದ ಟೆರಾಯುಎಸ್‌ಡಿ 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಪುಡಿಯಾಯಿತು. ಡಾಲರ್ ಮೀಸಲು ಇದ್ದ ಯುಎಸ್‌ಡಿಸಿ ಕೂಡ 2023ರ ಮಾರ್ಚ್‌ನಲ್ಲಿ 88 ಸೆಂಟಿನ ಆಸುಪಾಸಿಗೆ ಇಳಿಯಿತು, ಅದರ 330 ಕೋಟಿ ಡಾಲರ್ ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಇತ್ತು ಎಂಬ ಕಾರಣಕ್ಕೆ. ಎರಡು ಮೂರು ದಿನಗಳಲ್ಲಿ ಚೇತರಿಸಿಕೊಂಡಿತು.

ದುಬೈ, ದಮ್ಮಾಮ್, ಕುವೈತ್‌ನಲ್ಲಿ ದುಡಿಯುವ ಭಟ್ಕಳ, ಉಡುಪಿ, ಮಂಗಳೂರಿನ ಕಡೆಯವರ ಕಿವಿಗೆ ಈ ಮಾತು ಬಿದ್ದೇ ಇರುತ್ತದೆ: ಯುಎಸ್‌ಡಿಟಿ ಕಳಿಸು, ಊರಲ್ಲಿ ಒಳ್ಳೇ ರೇಟು. ದಾರಿಯಲ್ಲಿ ಏನೇನು ಕೈಕೊಡುತ್ತದೆ ಎಂದು ಬಿಡಿಸಿ ಹೇಳಬೇಕು. ಯುಎಸ್‌ಡಿಟಿ ಎಂಬ ಡಾಲರ್ ಸ್ಟೇಬಲ್‌ಕಾಯಿನ್ ಹಲವು ಜಾಲಗಳಲ್ಲಿದೆ. ಟ್ರಾನ್ ಜಾಲದ ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ, ಎಥೆರಿಯಂನದು ಸೊನ್ನೆ ಮತ್ತು ಎಕ್ಸ್‌ನಿಂದ ಶುರು. ಕ್ರಿಪ್ಟೊ ಕೊಂಡು ಮಾರುವ ವಿನಿಮಯ ಕೇಂದ್ರ ಬೆಂಬಲಿಸದ ಜಾಲದಲ್ಲಿ ಕಳಿಸಿದರೆ ಹಣ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ರಾನ್‌ನಲ್ಲಿ ಕಳಿಸಲು ಶುಲ್ಕಕ್ಕೆಂದು ಟಿಆರ್‌ಎಕ್ಸ್ ಎಂಬ ಬೇರೆ ನಾಣ್ಯ ಬೇಕು. ಅದಿಲ್ಲದಿದ್ದರೆ ವಾಲೆಟ್‌ನಲ್ಲಿ ಐನೂರು ಡಾಲರ್ ಕಂಡರೂ ಒಂದು ಡಾಲರೂ ಕದಲುವುದಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಹೆಜ್ಜೆ. ಊರಿನಲ್ಲಿ ಗುರುತಿಲ್ಲದವರೊಬ್ಬರಿಗೆ ಯುಎಸ್‌ಡಿಟಿ ಕೊಟ್ಟು ಖಾತೆಗೆ ರೂಪಾಯಿ ಹಾಕಿಸಿಕೊಳ್ಳುತ್ತಾರೆ. ಆ ರೂಪಾಯಿ ಎಲ್ಲೋ ಯಾರಿಗೋ ಸೈಬರ್ ವಂಚನೆ ಮಾಡಿ ಕಿತ್ತದ್ದಾಗಿದ್ದರೆ, ಅವರು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಟ್ಟ ಮೇಲೆ ಹಣದ ಜಾಡು ಹಿಡಿದು ನಿಮ್ಮ ತಾಯಿಯ ಖಾತೆಗೂ ತಡೆ ಬೀಳುತ್ತದೆ. ಠಾಣೆ ಬೇರೆ ರಾಜ್ಯದಲ್ಲಿರುತ್ತದೆ. ಆಸ್ಪತ್ರೆಗೆಂದು ಕಳಿಸಿದ ಹಣವಾದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತೆ. ಹೊರದೇಶದಿಂದ ಹಣ ತರಲು ಇದು ವಿದೇಶಿ ವಿನಿಮಯದ ಫೆಮಾ ಕಾಯ್ದೆ ಒಪ್ಪಿದ ದಾರಿಯೂ ಅಲ್ಲ. ನಾಲ್ಕಾರು ಪೈಸೆಯ ರೇಟಿಗಾಗಿ ಮನೆಯವರನ್ನು ಈ ಗಂಡಾಂತರಕ್ಕೆ ದೂಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಕ್ರಿಪ್ಟೊ ಎಲ್ಲೂ ಉಪಯೋಗಕ್ಕೆ ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. 2010ರ ಕೊನೆಯಲ್ಲಿ ದೊಡ್ಡ ಕಾರ್ಡ್ ಕಂಪನಿಗಳು, ಸರ್ಕಾರಗಳ ಗುಟ್ಟಿನ ಕಡತಗಳನ್ನು ಬಯಲಿಗೆಳೆಯುತ್ತಿದ್ದ ವಿಕಿಲೀಕ್ಸ್‌ಗೆ ದೇಣಿಗೆ ಹೋಗದಂತೆ ಬಾಗಿಲು ಹಾಕಿದ ಮೇಲೆ, 2011ರಲ್ಲಿ ಅದು ಬಿಟ್‌ಕಾಯಿನ್ ತೆಗೆದುಕೊಳ್ಳಲು ಶುರುಮಾಡಿತು; ಆ ದಾರಿಯನ್ನು ಯಾರಿಂದಲೂ ಮುಚ್ಚಲಾಗಲಿಲ್ಲ. 2023ರಲ್ಲಿ ಅರ್ಜೆಂಟೀನಾದ ಹಣದುಬ್ಬರ ಶೇ 211 ಮುಟ್ಟಿದಾಗ, ಸಂಬಳದ ಪೆಸೊವನ್ನು ಬಂದ ದಿನವೇ ಡಾಲರ್ ಸ್ಟೇಬಲ್‌ಕಾಯಿನ್‌ಗೆ ಬದಲಾಯಿಸಿಟ್ಟವರು ತಮ್ಮ ದುಡಿಮೆಯನ್ನು ಉಳಿಸಿಕೊಂಡರು. ಅವರಿಗೆ ಅದು ಜೂಜಾಗಿರಲಿಲ್ಲ. ಆದರೆ ಅಲ್ಲೂ ಬಸ್ ಕಾರ್ಡಿಗೆ, ಕರೆಂಟ್ ಬಿಲ್ಲಿಗೆ ಬೇಕಾದಷ್ಟನ್ನು ಮತ್ತೆ ಪೆಸೊ ಮಾಡಿಕೊಳ್ಳಬೇಕು.

ಉದ್ರಿಯಿಂದ ಶುರುವಾದ ಮಾತು, ಇನ್ನೊಂದು ಲೆಕ್ಕ ಹಾಕೋಣ, ಚೀಟಿಯದು. ಇಪ್ಪತ್ತು ಜನ, ತಿಂಗಳಿಗೆ 5,000 ರೂಪಾಯಿ, ಇಪ್ಪತ್ತು ತಿಂಗಳು. ಇದನ್ನು ಸತೋಶಿಯಲ್ಲಿ ಹಾಕಿದರೆ ತಲೆಗೆ 62,500, ತಿಂಗಳ ಒಟ್ಟು ಚೀಟಿ ಹನ್ನೆರಡೂವರೆ ಲಕ್ಷ ಸತೋಶಿ. ಕೂಗಿನ ಕಡಿತ ಲೆಕ್ಕಕ್ಕೆ ಬೇಡ. ಒಬ್ಬರು ಎರಡನೇ ತಿಂಗಳು ಚೀಟಿ ಎತ್ತಿ, ಲಕ್ಷ ರೂಪಾಯಿ ಮಾಡಿಕೊಂಡು ತೋಟಕ್ಕೆ ಬೋರ್‌ವೆಲ್ ಕೊರೆಸುತ್ತಾರೆ. ಇನ್ನು ಹದಿನೆಂಟು ತಿಂಗಳು ಅವರು 62,500 ಸತೋಶಿ ಕಟ್ಟುತ್ತಲೇ ಇರಬೇಕು. ಬೆಲೆ ಇಮ್ಮಡಿಯಾದರೆ ಅದೇ ಕಂತು 10,000 ರೂಪಾಯಿ. ತೆಂಗು ಮಾರಿ ಬರುವುದು ಮಾತ್ರ ರೂಪಾಯಿಯಲ್ಲೇ. ಬೆಲೆ ಅರ್ಧವಾದರೆ, ಮಗಳ ಮದುವೆಗೆಂದು ಕೊನೆಯ ಚೀಟಿಗೆ ಕಾದು ಕುಳಿತವರ ಕೈಗೆ 50,000. ಇಪ್ಪತ್ತೂ ಜನರ ಕೂಲಿ, ಸಂಬಳ, ತೆಂಗಿನಕಾಯಿಯ ಬೆಲೆ ಎಲ್ಲ ಸತೋಶಿಯಲ್ಲೇ ಗೊತ್ತಾಗುವ ಕಾಲ ಬಂದರೆ ಈ ಚೀಟಿ ನಡೆಯುತ್ತದೆ. ಇವತ್ತು ಇದನ್ನು ನಡೆಸಲು ಹೊರಟವರು ಮೂರನೇ ತಿಂಗಳಿಗೇ ಜಗಳ ಬಿಡಿಸುತ್ತಾ ಕೂರಬೇಕಾಗುತ್ತದೆ.